ಸಾಮ್ರಾಜ್ಯ ಕಳೆದುಕೊಂಡ ಮೇಲೆ ಬ್ರಿಟನ್ನಿನ ಮನೆಗಳಲ್ಲಿ ಏನೇನಾಯಿತು?

ಬ್ರಿಟನ್ನಿನಲ್ಲಿ ವರ್ಕ್ ವೀಸಾ ಮೇಲಿರುವ ಕನ್ನಡಿಗರ ಮನೆಗಳಲ್ಲಿ ಈಗ ಒಂದೇ ಲೆಕ್ಕಾಚಾರ: ಐದು ವರ್ಷವೋ, ಹತ್ತು ವರ್ಷವೋ? ಇಷ್ಟು ದಿನ ಐದು ವರ್ಷ ಕೆಲಸ ಮಾಡಿದವರು ಅಲ್ಲೇ ಕಾಯಂ ಆಗಿ ನೆಲೆಸಲು ಅರ್ಜಿ ಹಾಕಬಹುದಿತ್ತು. 2025ರ ಮೇ ತಿಂಗಳಲ್ಲಿ ಅಲ್ಲಿನ ಸರ್ಕಾರ ತಂದ ಶ್ವೇತಪತ್ರ ಅದನ್ನು ಹತ್ತು ವರ್ಷಕ್ಕೆ ಏರಿಸಬೇಕು ಎಂದಿತು. ಅದೇ ಜುಲೈನಲ್ಲಿ, ವಯಸ್ಸಾದವರನ್ನು ನೋಡಿಕೊಳ್ಳುವ ಕೇರ್ ವರ್ಕರ್ ಕೆಲಸಕ್ಕೆ ಹೊರದೇಶದಿಂದ ಹೊಸಬರನ್ನು ಕರೆಸುವ ದಾರಿಯೂ ಮುಚ್ಚಿತು.

ಇದನ್ನು ನಾವು ವಲಸೆಯ ಸುದ್ದಿ ಅಂತ ಓದಿ ಮುಂದೆ ಹೋಗುತ್ತೇವೆ. ಆದರೆ ಇದರ ಬೇರು ಹಳೆಯದು. ಈ ನೆಲದಲ್ಲಿ ಇರುವ ಹಕ್ಕು ಯಾರಿಗೆ ಎಂಬ ಪ್ರಶ್ನೆ ಬ್ರಿಟನ್ನನ್ನು ಇಷ್ಟು ಕಾಡತೊಡಗಿದ್ದೇ ಅದರ ಸಾಮ್ರಾಜ್ಯ ಕರಗತೊಡಗಿದಾಗ. ಸಾಮ್ರಾಜ್ಯ ಮುಗಿದ ಕಥೆ ನಮ್ಮ ಕಡೆಯಿಂದ ನಮಗೆ ಚೆನ್ನಾಗಿ ಗೊತ್ತು. ಮಧ್ಯರಾತ್ರಿಯ ಧ್ವಜ, ವಿಭಜನೆ, ರಕ್ತ. ಅದೇ ಹೊತ್ತಿಗೆ ಅವರ ಊರುಗಳಲ್ಲಿ, ಗಿರಣಿಗಳಲ್ಲಿ, ಅಡುಗೆಮನೆಗಳಲ್ಲಿ ಏನಾಗುತ್ತಿತ್ತು ಎಂದು ನಾವು ಕೇಳಿದ್ದು ಕಡಿಮೆ. 1947ರಲ್ಲಿ ಭಾರತ ಹೋಯಿತು. 1957ರಲ್ಲಿ ಘಾನಾ ಮತ್ತು ಮಲಯ, 1960ರಲ್ಲಿ ನೈಜೀರಿಯ, 1963ರಲ್ಲಿ ಕೆನ್ಯಾ, 1997ರಲ್ಲಿ ಹಾಂಗ್‌ಕಾಂಗ್. ಸಾಮಾನ್ಯ ಬ್ರಿಟಿಷ್ ಸಂಸಾರಕ್ಕೆ ಇದರಿಂದ ಏನೂ ಆಗಲಿಲ್ಲ, ಆ ಕಾಲದಲ್ಲಿ ಅವರು ಟಿವಿ, ಕಾರು ಕೊಂಡು ಹಿಂದೆಂದಿಗಿಂತ ಸುಖವಾಗಿದ್ದರು ಎಂಬ ವಾದವೊಂದಿದೆ. ನಾನು ಅದನ್ನು ಒಪ್ಪುವುದಿಲ್ಲ. ಪೆಟ್ಟು ಬಿದ್ದೇ ಬಿತ್ತು. ಒಂದೊಂದು ಊರಿಗೆ ಒಂದೊಂದು ಕಾಲದಲ್ಲಿ, ಬೇರೆ ಬೇರೆ ಹೆಸರಿನಲ್ಲಿ ಬಿತ್ತು. ಹಾಗಾಗಿ ಇದೆಲ್ಲ ಒಂದೇ ಕಥೆ ಎಂದು ಹೆಚ್ಚಿನವರಿಗೆ ಹೊಳೆಯಲಿಲ್ಲ. ಅವರ ಕಣ್ಣಿಗೆ ಬಿದ್ದದ್ದು ಪಕ್ಕದ ಬೀದಿಗೆ ಬಂದ ಹೊಸ ಮುಖಗಳು.

ಸ್ಕಾಟ್ಲೆಂಡಿನ ಡಂಡೀ ಪಟ್ಟಣವನ್ನೇ ನೋಡಿ. ನಾವು ಕಾಫಿ, ರಾಗಿ, ಮೆಣಸು ತುಂಬುವ ಗೋಣಿಚೀಲ ಇದೆಯಲ್ಲ, ಅದೇ ಆ ಊರಿಗೆ ಅನ್ನ ಹಾಕುತ್ತಿತ್ತು. ಪೂರ್ವ ಬಂಗಾಳದ ಹೊಲಗಳಲ್ಲಿ ಬೆಳೆದ ಸೆಣಬು ಹಡಗಿನಲ್ಲಿ ಡಂಡೀಗೆ ಬರುತ್ತಿತ್ತು. ಆ ಒರಟು ನಾರನ್ನು ಮೆತ್ತಗೆ ಮಾಡಲು ತಿಮಿಂಗಿಲದ ಎಣ್ಣೆ ಬೇಕು. ತಿಮಿಂಗಿಲ ಬೇಟೆಯ ಹಡಗುಗಳೂ ಅದೇ ಬಂದರಿನವು. ಹತ್ತೊಂಬತ್ತನೇ ಶತಮಾನದಲ್ಲಿ ಧಾನ್ಯ, ಉಣ್ಣೆ, ಸಕ್ಕರೆ ಎಲ್ಲ ಈ ಊರಿನ ಚೀಲದಲ್ಲೇ ಲೋಕ ಸುತ್ತುತ್ತಿದ್ದವು.

ಆ ಊರಿನ ಮನೆಗಳ ರೀತಿಯೇ ಬೇರೆ. ಹೆಂಗಸರಿಗಾದರೆ ಕಡಿಮೆ ಕೂಲಿ ಕೊಟ್ಟರೆ ಸಾಕು ಅಂತ ಗಿರಣಿ ಮಾಲೀಕರು ಹೆಂಗಸರನ್ನೇ ಜಾಸ್ತಿ ಇಟ್ಟುಕೊಂಡರು. ಹುಡುಗರನ್ನೂ ಸೇರಿಸಿಕೊಳ್ಳುತ್ತಿದ್ದರು. ಹದಿನೆಂಟು ತುಂಬಿ ಗಂಡಾಳಿನ ಕೂಲಿ ಕೊಡಬೇಕಾದ ಹೊತ್ತಿಗೆ ಅವರನ್ನು ಮನೆಗೆ ಕಳಿಸುತ್ತಿದ್ದರು. ಹೆಂಡತಿ ಬೆಳಗಾಗುವ ಮೊದಲೇ ಗಿರಣಿಗೆ ಹೋದರೆ ಗಂಡ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ. ಹೆಂಡತಿ ಬರುವಷ್ಟರಲ್ಲಿ ಟೀಗೆ ನೀರು ಇಡುವ ಈ ಗಂಡಸರಿಗೆ 'ಕೆಟಲ್ ಬಾಯ್ಲರ್' ಎಂದೇ ಹೆಸರು ಬಿದ್ದಿತ್ತು. ಮಗ್ಗದ ಸದ್ದಿಗೆ ಕಿವಿ ಕೆಟ್ಟ ಹೆಂಗಸರು ತುಟಿ ನೋಡಿ, ಕೈಸನ್ನೆ ಮಾಡಿ ಮಾತಾಡುತ್ತಿದ್ದರು. ಮನೆಯ ಯಜಮಾನಿಕೆ ಯಾರದು, ಒಲೆ ಮುಂದೆ ಯಾರು ನಿಲ್ಲಬೇಕು ಎಂಬುದನ್ನು ಕೂಡ ಬಂಗಾಳದ ಬೆಳೆಯೇ ತೀರ್ಮಾನಿಸಿತ್ತು.

ಡಂಡೀಯನ್ನು ಮೊದಲು ಅಲುಗಾಡಿಸಿದ್ದೂ ಸಾಮ್ರಾಜ್ಯವೇ. ಕಲ್ಕತ್ತೆಯ ಹೂಗ್ಲಿ ದಂಡೆಯ ಮೇಲೆ ಬ್ರಿಟಿಷ್ ಬಂಡವಾಳದಲ್ಲಿ ಸೆಣಬಿನ ಗಿರಣಿಗಳು ಎದ್ದವು. ಮೇಲ್ವಿಚಾರಣೆಗೆ ಡಂಡೀಯಿಂದಲೇ ಜನ ಹೋದರು. ಇಪ್ಪತ್ತನೇ ಶತಮಾನದ ಆರಂಭದ ಹೊತ್ತಿಗೆ ಕಲ್ಕತ್ತೆ ಡಂಡೀಯನ್ನು ಹಿಂದೆ ಹಾಕಿಯಾಗಿತ್ತು. ಭಾರತದ ಚೀಲಗಳಿಗೆ ಸುಂಕ ಹಾಕಿ ಎಂದು ಡಂಡೀ ಬೇಡಿಕೊಂಡರೂ ಲಂಡನ್ ಕೇಳಲಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಶುರುವಾದ ಆಮದು ನಿಯಂತ್ರಣವನ್ನು 1960ರ ದಶಕದ ಕೊನೆಯವರೆಗೂ ಎಳೆದರು. ಅದರಿಂದ ಊರಿಗೆ ಸ್ವಲ್ಪ ಉಸಿರಾಡಲು ಆಯಿತು. ವಿಭಜನೆಯಾದಾಗ ಸೆಣಬಿನ ಹೊಲಗಳು ಪಾಕಿಸ್ತಾನಕ್ಕೆ, ಗಿರಣಿಗಳು ಭಾರತಕ್ಕೆ ಹೋದವು. ಆಮೇಲೆ ಪ್ಲಾಸ್ಟಿಕ್ ಚೀಲ ಬಂತು. ಒಂದು ಕಾಲಕ್ಕೆ ಲೋಕದಲ್ಲೇ ದೊಡ್ಡದು ಎನಿಸಿದ್ದ ಕ್ಯಾಂಪರ್‌ಡೌನ್ ಗಿರಣಿ 1981ರಲ್ಲಿ ಮುಚ್ಚಿತು. ಬದಲಿಗೆ ಬಂದಿದ್ದ ಟೈಮೆಕ್ಸ್ ಗಡಿಯಾರದ ಕಾರ್ಖಾನೆಯೂ 1993ರಲ್ಲಿ ಬಾಗಿಲು ಹಾಕಿತು.

ಇಷ್ಟೆಲ್ಲ ಸಾಮ್ರಾಜ್ಯ ಹೋದದ್ದರಿಂದಲೇ ಆಯಿತು ಎನ್ನುವುದು ತಪ್ಪು. ಪ್ಲಾಸ್ಟಿಕ್‌ಗೂ ವೈಸ್‌ರಾಯ್‌ಗೂ ಸಂಬಂಧವಿಲ್ಲ. ಆದರೆ ಒಂದೇ ಬೆಳೆಗೆ, ಒಂದೇ ಕೈಕಸುಬಿಗೆ ಇಡೀ ಊರನ್ನು ಕಟ್ಟಿಹಾಕಿದ್ದು ಸಾಮ್ರಾಜ್ಯದ ವ್ಯಾಪಾರ. ಆ ಕಟ್ಟು ಬಿಚ್ಚಿಕೊಂಡಾಗ ಊರಿಗೆ ಬೇರೆ ಆಸರೆ ಇರಲಿಲ್ಲ.

ಇಂಗ್ಲೆಂಡಿನ ಹತ್ತಿ ಗಿರಣಿಗಳ ನಾಡು ಲ್ಯಾಂಕಾಶೈರ್‌ನ ಕಥೆ ಇನ್ನೂ ದೊಡ್ಡದು. 1913ರಲ್ಲಿ ಬ್ರಿಟನ್ ಸುಮಾರು 700 ಕೋಟಿ ಗಜ ಹತ್ತಿ ಬಟ್ಟೆ ರಫ್ತು ಮಾಡಿತು. ಅದರಲ್ಲಿ ಐದರಲ್ಲಿ ಎರಡು ಪಾಲು ಭಾರತಕ್ಕೇ ಬಂತು. ನಮ್ಮ ಮಾರುಕಟ್ಟೆ ಕೈಯಲ್ಲಿರುವವರೆಗೆ ಓಲ್ಡ್‌ಹ್ಯಾಮ್, ಬ್ಲ್ಯಾಕ್‌ಬರ್ನ್, ಬರ್ನ್ಲಿಗಳ ಚಿಮಣಿ ಹೊಗೆಯಾಡಿತು. ಮೊದಲ ಮಹಾಯುದ್ಧದ ನಂತರ ಜಪಾನಿನ ಪೈಪೋಟಿ ಬಂತು. ಅಹಮದಾಬಾದ್, ಬೊಂಬಾಯಿಯ ಗಿರಣಿಗಳು ಬೆಳೆದವು. ಸ್ವದೇಶಿ ಚಳವಳಿಯ ಬಿಸಿ ಮುಟ್ಟಿತು. 1931ರಲ್ಲಿ ಗಾಂಧೀಜಿ ದುಂಡುಮೇಜಿನ ಪರಿಷತ್ತಿಗೆ ಹೋದಾಗ ಲ್ಯಾಂಕಾಶೈರ್‌ನ ಡಾರ್ವೆನ್‌ಗೆ ಹೋಗಿ ಕೆಲಸ ಕಳೆದುಕೊಂಡ ನೇಕಾರರನ್ನು ಕಂಡರು. ಅವರ ಬಹಿಷ್ಕಾರದಿಂದ ಹೊಟ್ಟೆಗೆ ಪೆಟ್ಟು ತಿಂದ ಜನವೇ ಅವರನ್ನು ಪ್ರೀತಿಯಿಂದ ಬರಮಾಡಿಕೊಂಡರು. ಆ ಫೋಟೋದಲ್ಲಿ ಗಾಂಧಿಯ ಸುತ್ತ ಕೈ ಎತ್ತಿ ನಗುತ್ತಿರುವ ಗಿರಣಿ ಹೆಂಗಸರನ್ನು ನೋಡಿದರೆ ಈಗಲೂ ಮನಸ್ಸು ತುಂಬಿ ಬರುತ್ತದೆ. ತಮ್ಮ ಕಷ್ಟಕ್ಕೆ ಭಾರತದ ಬಡವ ಕಾರಣ ಅಲ್ಲ ಎಂದು ಅವರಿಗೆ ಅರ್ಥವಾಗಿತ್ತು ಎಂದೇ ನಾನು ನಂಬುತ್ತೇನೆ.

ಮುಂದೆ ನಡೆದದ್ದು ಗಮನಿಸಬೇಕಾದ ವಿಷಯ. 1950ರ ದಶಕದ ಕೊನೆಗೆ ಬ್ರಿಟನ್ ತಾನು ಮಾರುವುದಕ್ಕಿಂತ ಜಾಸ್ತಿ ಹತ್ತಿ ಬಟ್ಟೆಯನ್ನು ಹೊರಗಿನಿಂದ ಕೊಳ್ಳತೊಡಗಿತು. ಭಾರತ, ಪಾಕಿಸ್ತಾನ, ಹಾಂಗ್‌ಕಾಂಗ್‌ಗಳ ಬಟ್ಟೆ ಕಾಮನ್‌ವೆಲ್ತ್ ರಿಯಾಯಿತಿಯಲ್ಲಿ ಸುಂಕವಿಲ್ಲದೆ ಬರುತ್ತಿತ್ತು. 1959ರಲ್ಲಿ ಸರ್ಕಾರ ಕಾನೂನು ಮಾಡಿ, ಹಳೆಯ ಯಂತ್ರಗಳನ್ನು ಗುಜರಿಗೆ ಹಾಕುವವರಿಗೆ ದುಡ್ಡು ಕೊಟ್ಟಿತು. ಉಳಿದ ಗಿರಣಿಗಳು ದುಬಾರಿ ಹೊಸ ಯಂತ್ರ ತಂದವು. ಹಾಕಿದ ದುಡ್ಡು ಹುಟ್ಟಬೇಕಾದರೆ ಅವು ಹಗಲು ರಾತ್ರಿ ಓಡಬೇಕು. ಹೆಂಗಸರನ್ನು ರಾತ್ರಿ ಪಾಳಿಯಲ್ಲಿ ದುಡಿಸಲು ಕಾರ್ಖಾನೆ ಕಾನೂನು ಅಡ್ಡಿಯಾಗಿತ್ತು. ಊರಿನ ಗಂಡಸರಿಗೆ ಬೇರೆ ಒಳ್ಳೆಯ ಕೆಲಸ ಸಿಗುತ್ತಿತ್ತು. ಆ ರಾತ್ರಿ ಪಾಳಿಗೆ ಬಂದವರು ಪಾಕಿಸ್ತಾನದವರು, ಈಗಿನ ಬಾಂಗ್ಲಾದೇಶದ ಸಿಲ್ಹೆಟ್ಟಿನವರು, ಗುಜರಾತಿನವರು. 1960ರ ದಶಕದಲ್ಲಿ ಮಂಗ್ಲಾ ಅಣೆಕಟ್ಟು ಪಾಕಿಸ್ತಾನದ ಹಿಡಿತದಲ್ಲಿರುವ ಕಾಶ್ಮೀರದ ಮೀರ್‌ಪುರದ ಸುತ್ತಮುತ್ತ ಸುಮಾರು ಒಂದು ಲಕ್ಷ ಜನರ ನೆಲೆ ಮುಳುಗಿಸಿತು. ಅವರಲ್ಲಿ ಎಷ್ಟೋ ಸಂಸಾರಗಳು ಬ್ರಾಡ್‌ಫರ್ಡ್, ಓಲ್ಡ್‌ಹ್ಯಾಮ್ ಸೇರಿದವು.

ಹಗಲು ಪಾಳಿಯವರು ಮನೆಗೆ ಹೋಗುವಾಗ ರಾತ್ರಿ ಪಾಳಿಯವರು ಒಳಗೆ ಬರುತ್ತಿದ್ದರು. ಒಂದೇ ಯಂತ್ರ, ಒಂದೇ ಗಿರಣಿ. ಎರಡು ಗುಂಪಿಗೂ ಪರಸ್ಪರ ಮಾತಾಡುವ ಹೊತ್ತೇ ಇರಲಿಲ್ಲ. ಎಪ್ಪತ್ತು, ಎಂಬತ್ತರ ದಶಕದಲ್ಲಿ ಆ ಗಿರಣಿಗಳೂ ಮುಚ್ಚಿದವು. ದಾವಣಗೆರೆಯನ್ನು 'ಕರ್ನಾಟಕದ ಮ್ಯಾಂಚೆಸ್ಟರ್' ಎಂದು ಕರೆಯುತ್ತಿದ್ದ ಕಾಲ, ಆಮೇಲೆ ಅಲ್ಲಿನ ಗಿರಣಿಗಳು ನಿಂತಾಗ ಊರಿಗೆ ಕವಿದ ಮಂಕು ನೆನಪಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಓಲ್ಡ್‌ಹ್ಯಾಮ್‌ನಲ್ಲಿ ಉಳಿದದ್ದು ಅಕ್ಕಪಕ್ಕದ ಬೀದಿಗಳಲ್ಲಿ ಕೆಲಸವಿಲ್ಲದ ಎರಡು ಸಮುದಾಯಗಳು. 2001ರ ಬೇಸಿಗೆಯಲ್ಲಿ ಓಲ್ಡ್‌ಹ್ಯಾಮ್, ಬರ್ನ್ಲಿ, ಬ್ರಾಡ್‌ಫರ್ಡ್ ಮೂರೂ ಕಡೆ ಗಲಭೆ ಎದ್ದಿತು. ಒಂದೇ ಬಟ್ಟೆ ವ್ಯಾಪಾರದ ಎರಡು ತುದಿಯ ಬಡವರು ಹೀಗೆ ಎದುರುಬದುರಾದರು.

ಮಧ್ಯಮವರ್ಗದ ಮನೆಗಳಿಗೆ ಬಿಸಿ ತಟ್ಟಿದ ರೀತಿ ಬೇರೆ. ಭಾರತದಲ್ಲಿ ಹತ್ತಾರು ಆಳುಕಾಳು ಇಟ್ಟುಕೊಂಡಿದ್ದ ಅಧಿಕಾರಿಗಳ ಹೆಂಡಂದಿರು ಚೆಲ್ಟನ್‌ಹ್ಯಾಮ್‌ನಂಥ ಊರುಗಳಿಗೆ ಮರಳಿ, ರೇಷನ್ ಚೀಟಿ ಹಿಡಿದು ಸಾಲಲ್ಲಿ ನಿಂತರು. ಬ್ರಿಟನ್ನಿನಲ್ಲಿ ಯುದ್ಧಕಾಲದ ರೇಷನ್ ಪೂರ್ತಿ ಮುಗಿದದ್ದು 1954ರಲ್ಲಿ. ನಮ್ಮ ಕೋಲಾರದ ಚಿನ್ನದ ಗಣಿಗಳನ್ನು ನಡೆಸುತ್ತಿದ್ದದ್ದು ಲಂಡನ್ನಿನ ಜಾನ್ ಟೇಲರ್ ಆಂಡ್ ಸನ್ಸ್. ಇಂಗ್ಲೆಂಡಿನ ಕಾರ್ನ್‌ವಾಲ್ ಕಡೆಯ ಗಣಿಗಾರರು ಕೆಜಿಎಫ್‌ನಲ್ಲಿ ಬಂಗಲೆ, ಕ್ಲಬ್ಬು ಕಟ್ಟಿಕೊಂಡು ಬದುಕಿದ್ದರು. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ತನ್ನ ಕೈಗೆ ತೆಗೆದುಕೊಂಡಿತು. ಕೋಲಾರದ ಚಿನ್ನದಿಂದ ಇಂಗ್ಲೆಂಡಿನ ಷೇರುದಾರರಿಗೆ ಹೋಗುತ್ತಿದ್ದ ಡಿವಿಡೆಂಡ್ ಅಲ್ಲಿಗೆ ನಿಂತಿತು.

ಅದೇ 1956ರಲ್ಲಿ ಸೂಯೆಜ್. ಕಾಲುವೆಯನ್ನು ಈಜಿಪ್ಟ್ ರಾಷ್ಟ್ರೀಕರಣ ಮಾಡಿದಾಗ ಬ್ರಿಟನ್, ಫ್ರಾನ್ಸ್, ಇಸ್ರೇಲ್ ಸೇರಿ ದಂಡೆತ್ತಿ ಹೋದವು. ಅಮೆರಿಕ ಬೆಂಬಲ ಕೊಡಲಿಲ್ಲ. ಪೌಂಡ್ ಕುಸಿಯತೊಡಗಿತು. ಬ್ರಿಟನ್ ವಾಪಸ್ ಬರಬೇಕಾಯಿತು. ಮನೆಮನೆಗೆ ಇದು ಮುಟ್ಟಿದ್ದು ಪೆಟ್ರೋಲ್ ಕೂಪನ್ ರೂಪದಲ್ಲಿ. ಡಿಸೆಂಬರ್‌ನಿಂದ ಮುಂದಿನ ಮೇವರೆಗೆ ಪೆಟ್ರೋಲ್ ರೇಷನ್. ಡ್ರೈವಿಂಗ್ ಪರೀಕ್ಷೆಗಳನ್ನೇ ನಿಲ್ಲಿಸಿ, ಕಲಿಯುವವರು ಒಬ್ಬರೇ ಗಾಡಿ ಓಡಿಸಬಹುದು ಎಂದು ಬಿಟ್ಟರು. ಇನ್ನು ಮಕ್ಕಳ ವಿಷಯ. ಎರಡನೇ ಮಹಾಯುದ್ಧ ಮುಗಿದ ಮೇಲೂ ಹದಿನೆಂಟು ತುಂಬಿದ ಹುಡುಗರಿಗೆ ಸೈನ್ಯದಲ್ಲಿ ಕಡ್ಡಾಯ ಸೇವೆ ಇತ್ತು. ಎಷ್ಟೋ ಮನೆಗಳ ಮಕ್ಕಳು ಮಲಯದ ಕಾಡಿಗೆ, ಸೈಪ್ರಸ್‌ಗೆ, ಕೆನ್ಯಾಕ್ಕೆ ಹೋದರು. ಕೊನೆಯ ಬ್ಯಾಚ್ ಮನೆಗೆ ಬಂದದ್ದು 1963ರಲ್ಲಿ. ಸಾಮ್ರಾಜ್ಯ ಮುಗಿದದ್ದರಿಂದ ಬ್ರಿಟಿಷ್ ತಾಯಂದಿರಿಗೆ ಸಿಕ್ಕ ನೇರ ಲಾಭ ಅದು, ಅದನ್ನು ಯಾರೂ ಎಣಿಸುವುದಿಲ್ಲ.

ಈಗ ಕಾನೂನಿನ ಕಡೆ ಬರೋಣ. ಇದೇ ನನ್ನ ಮುಖ್ಯ ವಿಷಯ. 1948ರಲ್ಲಿ ಬ್ರಿಟನ್ ಒಂದು ಪೌರತ್ವ ಕಾನೂನು ಮಾಡಿತು. ಲಂಡನ್ನಿನವರಿಗೂ ಜಮೈಕಾದವರಿಗೂ ಒಂದೇ ಪೌರತ್ವ. ಭಾರತದಂಥ ಹೊಸ ಕಾಮನ್‌ವೆಲ್ತ್ ದೇಶಗಳ ಜನರೂ ಬಂದು ನೆಲೆಸಬಹುದಿತ್ತು. ಅದೇ ವರ್ಷದ ಜೂನ್‌ನಲ್ಲಿ ವೆಸ್ಟ್ ಇಂಡೀಸ್‌ನಿಂದ ವಿಂಡ್‌ರಷ್ ಹಡಗು ಟಿಲ್ಬರಿ ಬಂದರಿಗೆ ಬಂತು. ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆ ಎನ್‌ಎಚ್‌ಎಸ್ ಶುರುವಾಯಿತು. ಬಂದವರು ಕಾನೂನು ಕೊಟ್ಟ ಹಕ್ಕಿನ ಮೇಲೆ ಬಂದರು, ಯಾರ ದಯೆಯಿಂದಲೂ ಅಲ್ಲ.

ಆ ಹಕ್ಕನ್ನು ಮುಂದಿನ ಮೂವತ್ತು ನಲವತ್ತು ವರ್ಷಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಕಿತ್ತುಕೊಳ್ಳುತ್ತಾ ಬಂದರು. 1962ರ ಕಾನೂನು ಕೆಲಸದ ವೋಚರ್, ಅಂದರೆ ಬರುವ ಮೊದಲೇ ಪಡೆಯಬೇಕಾದ ಪರವಾನಗಿ, ತಂದಿತು. ಅದರ ಪರಿಣಾಮ ಉಲ್ಟಾ ಆಯಿತು. ಅಲ್ಲಿಯವರೆಗೆ ನಾಲ್ಕಾರು ವರ್ಷ ದುಡಿದು ಊರಿಗೆ ಹೋಗಿ, ತಮ್ಮನನ್ನೋ ಭಾವನನ್ನೋ ತಮ್ಮ ಜಾಗಕ್ಕೆ ಕಳಿಸುತ್ತಿದ್ದ ಗಂಡಸರು, ಒಮ್ಮೆ ಹೋದರೆ ಮತ್ತೆ ಬಿಡುವುದಿಲ್ಲ ಎಂದು ಹೆದರಿ ಅಲ್ಲೇ ಉಳಿದರು. ಹೆಂಡತಿ ಮಕ್ಕಳನ್ನೂ ಕರೆಸಿಕೊಂಡರು. ತಡೆಯಲು ಬಂದ ಕಾನೂನೇ ಬೇರು ಬಿಡಿಸಿತು. 1968ರಲ್ಲಿ ಕೆನ್ಯಾದ ಭಾರತೀಯರು ಕೈಯಲ್ಲಿ ಬ್ರಿಟಿಷ್ ಪಾಸ್‌ಪೋರ್ಟ್ ಹಿಡಿದು ಹೊರಟಾಗ, ಮೂರೇ ದಿನದಲ್ಲಿ ಸಂಸತ್ತು ಇನ್ನೊಂದು ಕಾನೂನು ಮಾಡಿ ಬಾಗಿಲು ಹಾಕಿತು. ತಂದೆ ತಾಯಿಯೋ ಅಜ್ಜ ಅಜ್ಜಿಯೋ ಬ್ರಿಟನ್ನಿನಲ್ಲಿ ಹುಟ್ಟಿರಬೇಕು ಎಂಬಂಥ ಷರತ್ತು ಬಂತು. ಬಿಳಿಯರಿಗೆ ಅದು ಸಲೀಸು, ಉಳಿದವರಿಗೆ ಗೋಡೆ. ಕನ್ಸರ್ವೇಟಿವ್ ಪಕ್ಷದ ಎನೋಕ್ ಪೊವೆಲ್ ಬರ್ಮಿಂಗ್‌ಹ್ಯಾಮ್‌ನಲ್ಲಿ ವಲಸಿಗರ ವಿರುದ್ಧ ಬೆಂಕಿಯುಗುಳಿದ್ದು ಅದೇ ವರ್ಷದ ಏಪ್ರಿಲ್‌ನಲ್ಲಿ. ಅವರೇ ಆರೋಗ್ಯ ಸಚಿವರಾಗಿದ್ದ 1960–63ರಲ್ಲೂ ಆಸ್ಪತ್ರೆಗಳು ನಡೆಯುತ್ತಿದ್ದದ್ದು ಭಾರತ, ಪಾಕಿಸ್ತಾನಗಳ ಕಿರಿಯ ಡಾಕ್ಟರ್‌ಗಳನ್ನು ನೆಚ್ಚಿಕೊಂಡು.

ಆ ಡಾಕ್ಟರ್‌ಗಳಲ್ಲಿ ಕನ್ನಡಿಗರೂ ಇದ್ದರು. ನಮ್ಮ ಉಪಖಂಡದ ವೈದ್ಯರಿಗೆ ಅಲ್ಲಿ ಹೆಚ್ಚಾಗಿ ಸಿಕ್ಕಿದ್ದು ಅಲ್ಲಿನವರು ಒಲ್ಲೆ ಎಂದ ಜಾಗಗಳು: ವೃದ್ಧರ ವಾರ್ಡು, ಮನೋರೋಗ ವಿಭಾಗ, ವೇಲ್ಸ್‌ನ ಕಲ್ಲಿದ್ದಲು ಕಣಿವೆಯ ಸಣ್ಣ ಕ್ಲಿನಿಕ್ಕು. 1975ರಲ್ಲಿ ಭಾರತದ ವೈದ್ಯ ಪದವಿಗಿದ್ದ ನೇರ ಮನ್ನಣೆಯನ್ನೂ ತೆಗೆದುಹಾಕಿದರು. ಅಂದಿನಿಂದ ಹೊಸದಾಗಿ ಹೋಗುವವರು ಪರೀಕ್ಷೆ ಬರೆಯಬೇಕಾಯಿತು. ಇಷ್ಟಾದರೂ ಇಂದು ಇಂಗ್ಲೆಂಡಿನ ಎನ್‌ಎಚ್‌ಎಸ್‌ನಲ್ಲಿ ಬ್ರಿಟಿಷರನ್ನು ಬಿಟ್ಟರೆ ಅತಿ ಹೆಚ್ಚು ಇರುವವರು ಭಾರತೀಯರೇ.

1971ರ ಕಾನೂನು, 1981ರ ಕಾನೂನು ಇದೇ ದಾರಿಯನ್ನು ಇನ್ನಷ್ಟು ಇಕ್ಕಟ್ಟು ಮಾಡಿದವು. 1973ಕ್ಕೆ ಮೊದಲು ಬಂದು ನೆಲೆಸಿದವರಿಗೆ ಇರುವ ಹಕ್ಕು ಉಳಿಯಿತು. ಆದರೆ ಅವರಲ್ಲಿ ಬಹಳ ಜನರ ಕೈಗೆ ಅದಕ್ಕೆ ಕಾಗದ ಕೊಡಲಿಲ್ಲ. ನಲವತ್ತು ವರ್ಷ ಕಳೆದ ಮೇಲೆ, ಕಾಗದವಿಲ್ಲದವರಿಗೆ ಬದುಕೇ ಕಷ್ಟವಾಗಬೇಕು ಎಂಬ ನೀತಿಯನ್ನು ಗೃಹ ಸಚಿವೆ ಥೆರೇಸಾ ಮೇ ತಂದರು. ಮನೆ ಮಾಲೀಕ, ಬ್ಯಾಂಕು, ಕೆಲಸ ಕೊಡುವವರು ಎಲ್ಲರೂ ಕಾಗದ ಕೇಳತೊಡಗಿದರು. ಎಳೆಯ ವಯಸ್ಸಿನಲ್ಲಿ ಅಪ್ಪ ಅಮ್ಮನ ಜೊತೆ ಬಂದು, ಅಲ್ಲೇ ಓದಿ, ದುಡಿದು, ತೆರಿಗೆ ಕಟ್ಟಿ ಮುದುಕರಾದವರು ಕೆಲಸ ಕಳೆದುಕೊಂಡರು. ಚಿಕಿತ್ಸೆ ಸಿಗದೆ ಒದ್ದಾಡಿದರು. ಕೆಲವರನ್ನು ಗಡೀಪಾರೇ ಮಾಡಿದರು. ಅವರು ಬಂದಿಳಿದದ್ದಕ್ಕೆ ಸಾಕ್ಷಿಯಾಗಬಹುದಾಗಿದ್ದ ಲ್ಯಾಂಡಿಂಗ್ ಕಾರ್ಡುಗಳನ್ನು ಗೃಹ ಇಲಾಖೆಯೇ 2010ರಲ್ಲಿ ನಾಶ ಮಾಡಿತ್ತು. 2018ರಲ್ಲಿ ಹಗರಣ ಸಿಡಿದು ಆಗಿನ ಗೃಹ ಸಚಿವೆ ಆಂಬರ್ ರಡ್ ರಾಜೀನಾಮೆ ಕೊಟ್ಟರು. ಪರಿಹಾರ ಕೈಸೇರುವ ಮೊದಲೇ ತೀರಿಕೊಂಡವರು ಹಲವರು. ಇದನ್ನು ಬರೀ ಆಡಳಿತದ ತಪ್ಪು ಎಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ತಾನು ಯಾರನ್ನು ಪ್ರಜೆಗಳೆಂದು ಕರೆದಿದ್ದೆ ಎಂಬುದನ್ನೇ ಒಂದು ದೇಶ ಮರೆತರೆ ಆಗುವ ಅನ್ಯಾಯ ಇದು.

ಹಾಗಾದರೆ ಸಾಮ್ರಾಜ್ಯ ಹೋದದ್ದರಿಂದ ಎಲ್ಲರೂ ಸೋತರೇ? ಇಲ್ಲ. ಲಂಡನ್ನಿನ ಹಣಕಾಸು ಪೇಟೆ ಬೇಗ ಸುಧಾರಿಸಿಕೊಂಡಿತು. 1957ರಲ್ಲಿ ಪೌಂಡ್ ಬಳಕೆಗೆ ಕಡಿವಾಣ ಬಿದ್ದಾಗ ಅಲ್ಲಿನ ಬ್ಯಾಂಕುಗಳು ಡಾಲರ್ ವ್ಯವಹಾರಕ್ಕೆ ತಿರುಗಿದವು. ಕೇಮನ್, ಬ್ರಿಟಿಷ್ ವರ್ಜಿನ್ ದ್ವೀಪಗಳಂಥ ಅಳಿದುಳಿದ ತುಣುಕುಗಳು ತೆರಿಗೆ ತಪ್ಪಿಸುವ ಹಣಕ್ಕೆ ಆಶ್ರಯವಾದವು. ಸಾಮ್ರಾಜ್ಯದ ಸಕ್ಕರೆ, ರಮ್ ಇಳಿಯುತ್ತಿದ್ದ ವೆಸ್ಟ್ ಇಂಡಿಯಾ ಡಾಕ್ಸ್ 1980ರಲ್ಲಿ ಮುಚ್ಚಿತು. ಅದೇ ಜಾಗದಲ್ಲಿ ಬ್ಯಾಂಕುಗಳ ಕೇರಿಯಾದ ಕನೇರಿ ವಾರ್ಫ್‌ನ ಗಾಜಿನ ಗೋಪುರಗಳು ಎದ್ದವು. ಹಮಾಲರ ಮಕ್ಕಳಿಗೆ ಆ ಗೋಪುರಗಳಲ್ಲಿ ಸುಲಭವಾಗಿ ಕೆಲಸ ಸಿಗಲಿಲ್ಲ. ಓಲ್ಡ್‌ಹ್ಯಾಮ್, ಡಂಡೀಗೆ ಅಂಥ ಗೋಪುರವೇ ಬರಲಿಲ್ಲ.

ಆ ಎರಡು ಊರುಗಳು ಮುಂದೆ ಹಾಕಿದ ಮತ ನೋಡಿ. 2014ರಲ್ಲಿ ಸ್ಕಾಟ್ಲೆಂಡ್ ಬೇರೆಯಾಗಬೇಕೇ ಎಂಬ ಜನಮತದಲ್ಲಿ ಡಂಡೀಯ ಶೇ. 57 ಮಂದಿ ಹೌದು ಎಂದರು. 2016ರಲ್ಲಿ ಓಲ್ಡ್‌ಹ್ಯಾಮ್‌ನ ಸುಮಾರು ಶೇ. 61 ಮಂದಿ ಯುರೋಪ್ ಒಕ್ಕೂಟ ಬಿಡೋಣ ಎಂದರು. ಹಿಂದೆ ಸ್ಕಾಟ್ಲೆಂಡಿನ ಓದಿದ ಹುಡುಗನಿಗೆ ಬಂಗಾಳದಿಂದ ಬರ್ಮಾವರೆಗೆ ಕೆಲಸ ಇತ್ತು. ಲಂಡನ್ ಜೊತೆ ಇರುವುದರಿಂದ ಲಾಭ ಕಣ್ಣಿಗೆ ಕಾಣುತ್ತಿತ್ತು. ಅದು ಹೋದ ಮೇಲೆ ಜೊತೆಗಿರುವುದು ಯಾಕೆ ಎಂಬ ಪ್ರಶ್ನೆ ಸಹಜವಾಗಿ ಎದ್ದಿತು. ಲ್ಯಾಂಕಾಶೈರ್‌ಗೆ ಹಾಗೆ ಬೇರೆಯಾಗುವ ದಾರಿ ಇರಲಿಲ್ಲ. ಅದರ ಸಿಟ್ಟು ಯುರೋಪ್ ಒಕ್ಕೂಟದ ಕೇಂದ್ರವಾದ ಬ್ರಸೆಲ್ಸ್ ಕಡೆಗೂ ವಲಸಿಗರ ಕಡೆಗೂ ಹರಿಯಿತು.

ಸಿಟ್ಟಿಗೆ ನಿಜವಾದ ಕಾರಣ ತಿಳಿಯಲು ಇತಿಹಾಸ ಗೊತ್ತಿರಬೇಕು, ಅಲ್ವಾ? ಅದನ್ನು ಬ್ರಿಟಿಷ್ ಸರ್ಕಾರವೇ ಮುಚ್ಚಿಟ್ಟಿತ್ತು. ವಸಾಹತುಗಳನ್ನು ಬಿಡುವಾಗ ಎಷ್ಟೋ ಕಡತಗಳನ್ನು ಸುಟ್ಟರು. ಉಳಿದ ಸಾವಿರಾರು ಕಡತಗಳು ಹ್ಯಾನ್ಸ್‌ಲೋಪ್ ಪಾರ್ಕ್ ಎಂಬ ಸರ್ಕಾರಿ ಜಾಗದಲ್ಲಿ ಇವೆ ಎಂದು ಹೊರಬಿದ್ದದ್ದು 2011ರಲ್ಲಿ, ಅದೂ ಬ್ರಿಟಿಷ್ ಆಡಳಿತದಲ್ಲಿ ಚಿತ್ರಹಿಂಸೆ ಅನುಭವಿಸಿದ್ದ ಕೆನ್ಯಾದ ಮುದುಕರು ಲಂಡನ್ ಕೋರ್ಟಿನಲ್ಲಿ ಕೇಸು ಹಾಕಿದ್ದರಿಂದ. 2013ರಲ್ಲಿ ಐದು ಸಾವಿರಕ್ಕೂ ಹೆಚ್ಚು ಕೆನ್ಯನ್ನರಿಗೆ ಸುಮಾರು 2 ಕೋಟಿ ಪೌಂಡ್ ಕೊಟ್ಟು ಸರ್ಕಾರ ವಿಷಾದ ಸೂಚಿಸಿತು. ಜನರ ಮನಸ್ಸೂ ಬದಲಾಗುತ್ತಿದೆ. ಸಾಮ್ರಾಜ್ಯ ಹೆಮ್ಮೆಯ ವಿಷಯ ಎಂದವರು ಯೂಗೌ ಎಂಬ ಸಂಸ್ಥೆಯ ಸಮೀಕ್ಷೆಯಲ್ಲಿ 2014ರಲ್ಲಿ ಶೇ. 59 ಇದ್ದರು. ಕೆಲವೇ ವರ್ಷಗಳಲ್ಲಿ ಅದು ಮೂರನೇ ಒಂದು ಪಾಲಿಗೆ ಇಳಿಯಿತು.

ಈಗ ಮತ್ತೆ ಐದು, ಹತ್ತು ವರ್ಷದ ಲೆಕ್ಕಕ್ಕೆ. 2025ರ ನವೆಂಬರ್‌ನಲ್ಲಿ ಬಂದ ಸಮಾಲೋಚನಾ ಪತ್ರ ಹೊಸ ನಿಯಮವನ್ನು ಈಗಾಗಲೇ ಅಲ್ಲಿ ದುಡಿಯುತ್ತಿರುವವರಿಗೂ ಹಾಕಬೇಕು ಎಂದಿತು. ನನಗೆ ಇದರಲ್ಲಿ ಕಾಣುವುದು 1968ರದೇ ಚಾಳಿ: ಒಂದು ಮಾತು ಕೊಟ್ಟು ಕರೆಸಿಕೊಂಡು, ಜನ ಹೊರಟ ಮೇಲೆ ಮಾತು ಬದಲಿಸುವುದು. ಬ್ರಿಟನ್ನಿನ ಕೋರ್ಟುಗಳು ಇದನ್ನು ಹಿಂದೆ ತಡೆದದ್ದೂ ಉಂಟು. 2006ರಲ್ಲಿ ಕಾಯಂ ನೆಲೆಯ ಅವಧಿಯನ್ನು ನಾಲ್ಕು ವರ್ಷದಿಂದ ಐದಕ್ಕೆ ಏರಿಸಿದಾಗ, ಅದಕ್ಕೆ ಮೊದಲೇ ನುರಿತ ಕೆಲಸಗಾರರ ಯೋಜನೆಯಡಿ ಬಂದಿದ್ದವರು ಎಚ್‌ಎಸ್‌ಎಂಪಿ ಫೋರಂ ಎಂಬ ಸಂಘಟನೆಯ ಮೂಲಕ ಹೈಕೋರ್ಟಿಗೆ ಹೋದರು. ಅವರಲ್ಲಿ ಭಾರತೀಯರು ಬಹಳ ಇದ್ದರು. ಮೊದಲೇ ಬಂದವರಿಗೆ ಹಳೆಯ ನಾಲ್ಕು ವರ್ಷದ ಲೆಕ್ಕವೇ ಇರಬೇಕು ಎಂದು 2009ರಲ್ಲಿ ಕೋರ್ಟು ತೀರ್ಪು ಕೊಟ್ಟಿತು. ಇಂದು ವೀಸಾ ಮೇಲಿರುವವರು, ಅವರ ಪರ ವಕೀಲರು ಮೊದಲು ಓದಬೇಕಾದದ್ದು ಆ ತೀರ್ಪನ್ನು.